ಕಾಂಕ್ರೀಟ್ ಗುತ್ತಿಗೆಯಲ್ಲಿ ಸೆಂಟ್ರಿಂಗ್ ಷರತ್ತುಗಳನ್ನು ಓದುವ ಬಗೆ

ಹಸಿ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹಿಡಿದಿಡುವ ಶೀಟು, ಆಧಾರಗಳ ತಾತ್ಕಾಲಿಕ ಅಚ್ಚೇ ಸೆಂಟ್ರಿಂಗ್. ಕಟ್ಟಡ ಮುಗಿದ ಮೇಲೆ ಅದು ಅಲ್ಲಿರುವುದಿಲ್ಲ, ಕಾಂಕ್ರೀಟ್ ಮಾತ್ರ ಉಳಿಯುತ್ತದೆ. ಅದಕ್ಕೇ ಇರಬೇಕು, ಗುತ್ತಿಗೆಯ ಕಾಗದಪತ್ರಗಳಲ್ಲಿ ಸೆಂಟ್ರಿಂಗಿಗೆ ಒಂದು ಗಟ್ಟಿ ಜಾಗವೇ ಸಿಗುವುದಿಲ್ಲ. ಬಿಒಕ್ಯೂನಲ್ಲಿ (ಕೆಲಸಗಳ ಪ್ರಮಾಣ ಮತ್ತು ದರದ ಪಟ್ಟಿ) ಒಂದು ಐಟಂ, ಸ್ಪೆಸಿಫಿಕೇಶನ್ನಿನಲ್ಲಿ (ಕೆಲಸ ಹೇಗಿರಬೇಕೆಂಬ ವಿವರಣೆ) ಎರಡು ಪುಟ, ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದ ಟಿಪ್ಪಣಿ, ಅಳತೆಯ ನಿಯಮಗಳಲ್ಲಿ ಒಂದಿಷ್ಟು, ಸಾಮಾನ್ಯ ಷರತ್ತುಗಳಲ್ಲಿ ಹೆಸರೂ ಹೇಳದೆ ‘ತಾತ್ಕಾಲಿಕ ಕಾಮಗಾರಿ’ ಎಂಬ ಎರಡು ಪದ. ಇಷ್ಟನ್ನೂ ಒಟ್ಟಿಗೆ ಇಟ್ಟುಕೊಂಡು ಓದದಿದ್ದರೆ ಟೆಂಡರ್ ದರ ತಪ್ಪುತ್ತದೆ, ಇಲ್ಲವೇ ಬಿಲ್ಲಿನ ಹೊತ್ತಿಗೆ ಜಗಳವಾಗುತ್ತದೆ.

ಓದುವಾಗ ಪ್ರತಿ ವಾಕ್ಯಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಫಲವನ್ನು ಕೇಳುತ್ತಿದೆಯೋ, ವಿಧಾನವನ್ನು ಗೊತ್ತುಮಾಡುತ್ತಿದೆಯೋ? ‘ಎರಡು ಶೀಟುಗಳ ಜೋಡಣೆಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರುಪೇರು ಇರಕೂಡದು’ ಎಂಬುದು ಫಲ. ಅದನ್ನು ಉಕ್ಕಿನ ಶೀಟಿನಿಂದ ಸಾಧಿಸುತ್ತೀರೋ ಪ್ಲೈವುಡ್ಡಿನಿಂದಲೋ ಎಂಬುದು ಗುತ್ತಿಗೆದಾರರಿಗೆ ಬಿಟ್ಟದ್ದು, ತಪ್ಪಿದರೆ ಹೊಣೆಯೂ ಅವರದೇ. ‘12 ಮಿ.ಮೀ. ಪ್ಲೈವುಡ್ಡನ್ನೇ ಬಳಸಬೇಕು, 6 ಸಲಕ್ಕಿಂತ ಹೆಚ್ಚು ಬಳಸಬಾರದು’ ಎಂಬುದು ವಿಧಾನ. ಹೇಳಿದಂತೆಯೇ ಮಾಡಿಯೂ ಮೇಲ್ಮೈ ಕೆಟ್ಟರೆ ‘ನೀವು ಹೇಳಿದ್ದನ್ನೇ ಮಾಡಿದೆವಲ್ಲ’ ಎಂಬ ಮಾತಿಗೆ ತೂಕ ಬರುತ್ತದೆ. ಮಾಲೀಕರ ಕಡೆಯವರು ವಿಧಾನವನ್ನು ಬರೆಯುತ್ತ ಹೋದಷ್ಟೂ ಅಪಾಯದ ಒಂದು ಪಾಲು ಅವರ ಕಡೆಗೇ ಮರಳುತ್ತದೆ. ಎರಡೂ ಬಗೆಯ ವಾಕ್ಯಗಳು ಅಕ್ಕಪಕ್ಕದಲ್ಲಿರುವುದೇ ಹೆಚ್ಚು. ಆಗ ವಿಧಾನ ಕನಿಷ್ಠ ಮಟ್ಟ, ಫಲ ಅಂತಿಮ ಕಟ್ಟುಪಾಡು ಎಂದು ಓದಿ ದರ ಹಾಕುವುದು ಕ್ಷೇಮ.

ಹೊಣೆಯ ಮೂಲ ನೆಲೆಯನ್ನು ಸಾಮಾನ್ಯ ಷರತ್ತುಗಳು ಹೇಳುತ್ತವೆ. ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ ಮಾದರಿ ಗುತ್ತಿಗೆ, ಅಂದರೆ 1999ರ ಕೆಂಪು ಪುಸ್ತಕದ 4.1ನೇ ಕಲಂ ಪ್ರಕಾರ ನಿರ್ಮಾಣ ವಿಧಾನಗಳ ಸಮರ್ಪಕತೆ, ಸ್ಥಿರತೆ ಮತ್ತು ಸುರಕ್ಷತೆ ಗುತ್ತಿಗೆದಾರರ ಹೊಣೆ. ತಾತ್ಕಾಲಿಕ ಕಾಮಗಾರಿಯೂ ಅದರೊಳಗೇ ಬರುತ್ತದೆ. ಮಾಲೀಕರು ನೇಮಿಸಿದ ಇಂಜಿನಿಯರ್ ಒಪ್ಪಿಗೆ ಕೊಟ್ಟರೂ ಆ ಹೊಣೆ ಇಳಿಯುವುದಿಲ್ಲ ಎಂದು 3.1ನೇ ಕಲಂ ಹೇಳುತ್ತದೆ. ಸೆಂಟ್ರಿಂಗ್ ನಕ್ಷೆಗೆ ‘ಅನುಮೋದಿಸಲಾಗಿದೆ’ ಎಂಬ ಮುದ್ರೆ ಬಿದ್ದಿದೆ ಎಂದು ನಿರಾಳವಾಗುವವರು ಈ ಸಾಲನ್ನು ಓದಿರುವುದಿಲ್ಲ. ದಾಖಲೆಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದು ಮೇಲು ಎಂಬುದೂ ಅದೇ ಪುಸ್ತಕದ 1.5ನೇ ಕಲಮಿನಲ್ಲಿದೆ: ಸ್ಪೆಸಿಫಿಕೇಶನ್ ನಕ್ಷೆಗಿಂತ ಮೇಲೆ, ನಕ್ಷೆ ದರ ಪಟ್ಟಿಗಿಂತ ಮೇಲೆ. ಬೇರೆ ಮಾದರಿಯ ಗುತ್ತಿಗೆಗಳಲ್ಲಿ ಈ ಕ್ರಮ ಬೇರೆ ಇರಬಹುದು. ಆದ್ದರಿಂದ ಸೆಂಟ್ರಿಂಗ್ ಪುಟ ತೆರೆಯುವ ಮೊದಲೇ ಆ ಒಂದು ಕಲಮನ್ನು ನೋಡಿಕೊಂಡಿರಬೇಕು.

ದರದೊಳಗೆ ಏನು ಅಡಗಿದೆ

ಸೆಂಟ್ರಿಂಗಿಗೆ ಹಣ ಕೊಡುವ ದಾರಿ ಎರಡು. ಒಂದರಲ್ಲಿ ಕಾಂಕ್ರೀಟಿಗೆ ತಾಗುವ ಮೈಯ ವಿಸ್ತೀರ್ಣವನ್ನು ಅಳೆದು ಚದರ ಮೀಟರಿಗೆ ಇಷ್ಟು ಎಂದು ಪ್ರತ್ಯೇಕವಾಗಿ ಕೊಡುತ್ತಾರೆ. ಇನ್ನೊಂದರಲ್ಲಿ ‘ಸೆಂಟ್ರಿಂಗ್ ಸೇರಿ’ ಎಂದು ಕಾಂಕ್ರೀಟಿನ ಘನ ಮೀಟರ್ ದರದೊಳಗೇ ಅದನ್ನು ಮುಚ್ಚಿಬಿಡುತ್ತಾರೆ. ಎರಡನೆಯದು ಓದಲು ಸರಳ, ನಷ್ಟಕ್ಕೂ ಅದೇ ಸಲೀಸು ದಾರಿ.

ಲೆಕ್ಕ ನೋಡಿ. 20 ಮೀಟರ್ ಉದ್ದ, 10 ಮೀಟರ್ ಅಗಲ, 600 ಮಿ.ಮೀ. ದಪ್ಪದ ರಾಫ್ಟ್ ಪಾಯದಲ್ಲಿ (ಹಾಸಿನಂಥ ಅಡಿಪಾಯ) ಕಾಂಕ್ರೀಟ್ 120 ಘ.ಮೀ., ಸೆಂಟ್ರಿಂಗ್ ಅಂಚಿಗೆ ಮಾತ್ರ, 36 ಚ.ಮೀ. ಘನ ಮೀಟರಿಗೆ ಬರುವುದು 0.3 ಚ.ಮೀ. 150 ಮಿ.ಮೀ. ಸ್ಲ್ಯಾಬಿನಲ್ಲಿ ಅದೇ ಲೆಕ್ಕ ಸುಮಾರು 6.7 ಚ.ಮೀ. ಆಗುತ್ತದೆ. ಎರಡೂ ಮುಖಕ್ಕೆ ಶೀಟು ಬೇಕಾದ 200 ಮಿ.ಮೀ. ಗೋಡೆಗೆ 10 ಚ.ಮೀ., 300 ಮಿ.ಮೀ. ಚೌಕದ ಕಾಲಮ್ಮಿಗೆ 13.3 ಚ.ಮೀ. 150 ಮಿ.ಮೀ. ಸ್ಲ್ಯಾಬಿನ ಕೆಳಗೆ ಇಳಿಯುವ 300 ಅಗಲ, ಒಟ್ಟು 600 ಆಳದ ಬೀಮಿನಲ್ಲಿ ಎರಡು ಬದಿ 450ರಂತೆ, ತಳ 300, ಒಟ್ಟು 1.2 ಮೀಟರ್, 6 ಮೀಟರ್ ಉದ್ದಕ್ಕೆ 7.2 ಚ.ಮೀ. ಸ್ಲ್ಯಾಬಿನ ಕೆಳಗಿನ ಭಾಗದ ಕಾಂಕ್ರೀಟ್ ಬರೀ 0.81 ಘ.ಮೀ., ಅಂದರೆ ಘನ ಮೀಟರಿಗೆ 8.9 ಚ.ಮೀ. ಇವೆಲ್ಲಕ್ಕೂ ಸೇರಿಸಿ ‘ಎಂ 30 ಕಾಂಕ್ರೀಟ್, ಸೆಂಟ್ರಿಂಗ್ ಸೇರಿ, ಎಲ್ಲ ಅಂಗಗಳಿಗೆ’ ಎಂಬ ಒಂದೇ ಐಟಂ ಇದ್ದರೆ, ಆ ದರ ಸರಿಯಿರುವುದು ಟೆಂಡರಿನ ದಿನ ಊಹಿಸಿದ ಅಂಗಗಳ ಪ್ರಮಾಣ ಹಾಗೇ ಉಳಿದಾಗ ಮಾತ್ರ.

ನಕ್ಷೆ ಬದಲಾದಾಗ ಪೆಟ್ಟು ಗೊತ್ತಾಗುತ್ತದೆ. ಗೋಡೆಯ ದಪ್ಪವನ್ನು 250ರಿಂದ 200ಕ್ಕೆ ಇಳಿಸಿದರೆ ಕಾಂಕ್ರೀಟ್ ಶೇ. 20 ಕಡಿಮೆಯಾಗುತ್ತದೆ, ಬಿಲ್ಲೂ ಶೇ. 20 ಇಳಿಯುತ್ತದೆ. ಶೀಟು, ಎದುರುಬದುರು ಶೀಟುಗಳನ್ನು ಬಿಗಿದಿಡುವ ಟೈ ರಾಡ್, ಆಳುಗಳ ದುಡಿಮೆ ಒಂದಿಂಚೂ ಇಳಿಯುವುದಿಲ್ಲ. ಬದಲಾವಣೆಯ ಕಲಮಿನಡಿ ಹೊಸ ದರ ಕೇಳಬೇಕೆಂದರೆ ಮೂಲ ದರದ ವಿಭಜನೆ ಕೈಯಲ್ಲಿರಬೇಕು: ಕಾಂಕ್ರೀಟಿಗೆಷ್ಟು, ಸೆಂಟ್ರಿಂಗಿಗೆಷ್ಟು, ಘನ ಮೀಟರಿಗೆ ಎಷ್ಟು ಚದರ ಮೀಟರ್ ಎಂದು ಹಿಡಿದದ್ದು. ಅದನ್ನು ಟೆಂಡರಿನ ಜೊತೆಗೇ ಕೊಟ್ಟಿರದಿದ್ದರೆ ಆಮೇಲೆ ಬರೆದುಕೊಂಡ ಕಾಗದವನ್ನು ನಂಬುವವರು ಕಡಿಮೆ.

ಪ್ರತ್ಯೇಕ ಅಳತೆಯ ಗುತ್ತಿಗೆಯಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಹಣವನ್ನು ತೀರ್ಮಾನಿಸುವುದು ಬಿಒಕ್ಯೂ ವಿವರಣೆಗಿಂತ ಹೆಚ್ಚಾಗಿ ಅಳತೆಯ ನಿಯಮ. ತೆರಪುಗಳನ್ನು ಕಳೆಯುವುದು ಯಾವ ಗಾತ್ರದಿಂದ? ಭಾರತೀಯ ಪದ್ಧತಿಯ ಐಎಸ್ 1200 ಐದನೇ ಭಾಗದಲ್ಲಿ 0.4 ಚ.ಮೀ.ವರೆಗಿನ ತೆರಪನ್ನು ಕಳೆಯುವುದಿಲ್ಲ, ಆ ತೆರಪಿನ ಅಂಚು ಕಟ್ಟಿದ್ದಕ್ಕೆ ಹೆಚ್ಚಿಗೆ ಕೊಡುವುದೂ ಇಲ್ಲ. ಗುತ್ತಿಗೆದಾರರು ತಮ್ಮ ಅನುಕೂಲಕ್ಕೆ ಇಟ್ಟ ಜಾಯಿಂಟಿನ ಅಡ್ಡಹಲಗೆಯನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ. ನಕ್ಷೆಯಲ್ಲೇ ತೋರಿಸಿದ ಜಾಯಿಂಟಾದರೆ ಅಳೆಯಬೇಕು. ಕಾಲಮ್ಮಿನ ಬುಡದ ಸ್ಟಾರ್ಟರ್, ಪೈಪು ಹಾಯುವ ಬಾಕ್ಸು, ಮೂಲೆ ಮುರಿಯುವ ಚ್ಯಾಂಫರ್ ಪಟ್ಟಿ, ಹನಿ ತಡೆಯುವ ತೋಡು, ಬೆಡ್ ಕಾಂಕ್ರೀಟಿನ ಅಂಚು ಇವುಗಳಲ್ಲಿ ಯಾವುದು ‘ದರದಲ್ಲಿ ಸೇರಿದೆ ಎಂದು ಭಾವಿಸತಕ್ಕದ್ದು’ ಎಂಬ ಪಟ್ಟಿಯಲ್ಲಿದೆ ಎಂದು ಒಂದೊಂದಾಗಿ ನೋಡಬೇಕು. ಮಣ್ಣಿಗೇ ಒತ್ತಿ ಹಾಕುವ ಕಾಂಕ್ರೀಟಿಗೆ ಆ ಮುಖದ ಸೆಂಟ್ರಿಂಗ್ ಸಿಗದು. ಆದರೆ ಮಣ್ಣು ನಿಲ್ಲದೆ ಕುಸಿದು ಶೀಟು ಕಟ್ಟಬೇಕಾಗಿ ಬಂದರೆ ಯಾರ ಲೆಕ್ಕ? ಇದಕ್ಕೆ ಉತ್ತರ ಸೆಂಟ್ರಿಂಗ್ ಪುಟದಲ್ಲಿ ಸಿಗುವುದಿಲ್ಲ, ಅಗೆತದ ಪುಟದಲ್ಲಿ ಹುಡುಕಬೇಕು.

ಎತ್ತರದ ವಿಷಯವೂ ಹೀಗೇ. ‘3.5 ಮೀಟರ್ ಎತ್ತರದವರೆಗೆ’ ಎಂದಿದ್ದರೆ ಯಾವುದರಿಂದ ಎಣಿಸಬೇಕು? ಕೆಳಗಿನ ಸ್ಲ್ಯಾಬಿನ ಮೇಲ್ಮೈಯಿಂದಲೋ, ಪ್ರಾಪ್ಸ್ (ಶೀಟಿಗೆ ಕೆಳಗಿಂದ ಕೊಡುವ ಊರುಗಂಬಗಳು) ನಿಜವಾಗಿ ನಿಂತ ನೆಲದಿಂದಲೋ? ತಳಮಹಡಿಯ ನೆಲ ಇನ್ನೂ ತುಂಬಿಲ್ಲದಾಗ ಈ ಎರಡರ ನಡುವೆ ಒಂದೂವರೆ ಮೀಟರ್ ಅಂತರ ಬಂದು ಸಾಮಾನ್ಯ ಜಾಕಿಗಳ (ತಿರುಪಿನಿಂದ ಎತ್ತರ ಹೊಂದಿಸುವ ಪ್ರಾಪ್ಸ್) ಬದಲು ಟವರ್ ಬೇಕಾಗಬಹುದು.

ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಸಹ್ಯ

ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456:2000ರಲ್ಲಿ ಬೀಮು, ಕಾಲಮ್ಮುಗಳ ಅಡ್ಡಕೊಯ್ತಕ್ಕೆ ಕೊಟ್ಟ ಸಡಿಲಿಕೆ +12, −6 ಮಿ.ಮೀ. ಪಾಯದ ಪ್ಲ್ಯಾನ್ ಅಳತೆಗೆ +50, −12. ಇವು ಗಟ್ಟಿಯಾದ ಕಾಂಕ್ರೀಟಿನ ಅಳತೆಗಳು, ಶೀಟು ಕಟ್ಟಿದಾಗಿನವಲ್ಲ. ಶೀಟನ್ನೇ +12ಕ್ಕೆ ನಿಲ್ಲಿಸಿ ‘ಮಿತಿಯೊಳಗಿದೆ’ ಎಂದರೆ ವೈಬ್ರೇಟರ್ ಓಡಿದ ಮೇಲೆ ಉಬ್ಬಿ ಮಿತಿ ದಾಟುವುದು ಖಚಿತ. ಬಲ್ಲವರು ಕಾಂಕ್ರೀಟಿನ ಸಡಿಲಿಕೆಯ ಅರ್ಧಕ್ಕಿಂತ ಕಡಿಮೆಯನ್ನು ಶೀಟು ಕಟ್ಟುವವರಿಗೆ ಬಿಟ್ಟು, ಉಳಿದದ್ದನ್ನು ಬಾಗುವಿಕೆಗೆ ಕಾದಿಡುತ್ತಾರೆ.

ಕೆಲವು ಸ್ಪೆಸಿಫಿಕೇಶನ್ನುಗಳಲ್ಲಿ ಮೂರು ಸಡಿಲಿಕೆಗಳು ಒಟ್ಟಿಗೆ ಇರುತ್ತವೆ: ಅಂಗದ ಗಾತ್ರ, ಅದರ ಸ್ಥಾನ, ಅದರ ನೆಟ್ಟಗೆತನ. ಇವನ್ನು ಕೂಡಿಸಿಕೊಳ್ಳುವಂತಿಲ್ಲ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪಾಲಿಸಬೇಕು. ಇವುಗಳ ಹಿಂದೆ ಕವರಿನ, ಅಂದರೆ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆಯ ಪ್ರಶ್ನೆಯೂ ಇದೆ. ಶೀಟು 6 ಮಿ.ಮೀ. ಒಳಗೆ ಬಂದು, ಕಂಬಿಯ ಪಂಜರ 5 ಮಿ.ಮೀ. ಹೊರಗೆ ಸರಿದರೆ 40 ಮಿ.ಮೀ. ಕವರ್ 29ಕ್ಕೆ ಇಳಿಯಿತು. ಶೀಟಿನ ತನಿಖೆಯಲ್ಲಿ ಪಾಸಾದ ಕಾಲಮ್ಮು ಕವರಿನ ತನಿಖೆಯಲ್ಲಿ ಬೀಳುವುದು ಹೀಗೆ.

ಕ್ಯಾಂಬರ್, ಅಂದರೆ ನಡುಭಾಗವನ್ನು ಮೊದಲೇ ತುಸು ಮೇಲಕ್ಕೆ ಉಬ್ಬಿಸಿಡುವುದು, ಅದರ ಬಗ್ಗೆ ಒಂದು ಮಾತು. ನಕ್ಷೆಯಲ್ಲಿ ‘ಮಧ್ಯದಲ್ಲಿ 15 ಮಿ.ಮೀ. ಕ್ಯಾಂಬರ್’ ಎಂದಿದ್ದರೆ ಅದು ಸೆಂಟ್ರಿಂಗ್ ಬಿಚ್ಚುವ ಮುನ್ನ ಕಾಂಕ್ರೀಟಿನಲ್ಲಿ ಇರಬೇಕಾದದ್ದೋ, ಕಾಂಕ್ರೀಟ್ ಸುರಿಯುವ ಮುನ್ನ ಶೀಟಿನಲ್ಲಿ ಇಡಬೇಕಾದದ್ದೋ? ಬೀಮು ತನ್ನ ಭಾರಕ್ಕೆ ಬಾಗುವುದನ್ನು ಸರಿದೂಗಿಸುವ ಕ್ಯಾಂಬರ್ ವಿನ್ಯಾಸಕಾರರ ಲೆಕ್ಕ. ಪ್ರಾಪ್ಸ್ ಕುಗ್ಗುವುದು, ಮರದ ಜೋಡಣೆ ಅಮುಕಿಕೊಳ್ಳುವುದು, ನೆಲ ತಗ್ಗುವುದು ಇವಕ್ಕೆ ಬೇಕಾದ ಹೆಚ್ಚುವರಿ ಎತ್ತರ ಗುತ್ತಿಗೆದಾರರ ಲೆಕ್ಕ. ಎರಡನ್ನೂ ಕೂಡಿಸಿ ಶೀಟು ಎತ್ತಬೇಕು.

‘ಫೇರ್ ಫೇಸ್’ ಎಂದರೆ ಎಷ್ಟು

ಮೇಲ್ಮೈಯ ಬಗ್ಗೆ ‘ನಯವಾಗಿ’, ‘ಫೇರ್ ಫೇಸ್’ (ಪ್ಲಾಸ್ಟರಿಲ್ಲದೆ ಹಾಗೇ ಕಾಣುವ ಮುಖ), ‘ಇಂಜಿನಿಯರಿಗೆ ತೃಪ್ತಿಯಾಗುವಂತೆ’ ಎಂಬ ಮಾತುಗಳಷ್ಟೇ ಇದ್ದರೆ ಅದಕ್ಕೆ ದರ ಹಾಕಲಾಗದು. ಅಳೆಯಬಹುದಾದ ಭಾಷೆ ಇಲ್ಲವೆಂದಲ್ಲ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಎಸಿಐ 117ರಲ್ಲಿ ಜೋಡಣೆಯ ಏರುಪೇರಿಗೆ ನಾಲ್ಕು ವರ್ಗಗಳಿವೆ: ಎ ವರ್ಗಕ್ಕೆ 3 ಮಿ.ಮೀ., ಬಿ 6, ಸಿ 13, ಡಿ 25. ಪ್ಲಾಸ್ಟರ್ ಬೀಳುವ ಗೋಡೆಗೆ ಎ ವರ್ಗ ಕೇಳುವುದು ದುಂದು. ನೆಲದೊಳಗೆ ಹೂತುಹೋಗುವ ಮುಖಕ್ಕೆ ಡಿ ಸಾಕು.

ಏರುಪೇರಿನ ಮಿತಿಯೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಗಾಳಿಗುಳಿಗಳ ಗಾತ್ರ, ಬಣ್ಣದ ವ್ಯತ್ಯಾಸ, ಟೈ ರಂಧ್ರಗಳ ಸಾಲು, ಶೀಟಿನ ಗೆರೆಗಳ ವಿನ್ಯಾಸ ಎಲ್ಲವೂ ‘ಕಾಣುವ ಕಾಂಕ್ರೀಟ್’ ಒಳಗೆ ಬರುತ್ತವೆ. ಬಣ್ಣಕ್ಕೆ ಸಂಖ್ಯೆ ಕೊಡುವುದು ಕಷ್ಟ. ಆದ್ದರಿಂದ ಒಳ್ಳೆಯ ಗುತ್ತಿಗೆ ಒಂದು ಮಾದರಿ ಗೋಡೆಯನ್ನು ಕೇಳುತ್ತದೆ, ಅದನ್ನು ಎಷ್ಟು ದೂರದಿಂದ ನೋಡಿ ತೀರ್ಮಾನಿಸಬೇಕೆಂದೂ ಹೇಳುತ್ತದೆ. ಮಾದರಿಯನ್ನು ನಿಜವಾದ ಮಿಶ್ರಣ, ನಿಜವಾದ ಶೀಟು, ನಿಜವಾದ ಎತ್ತರದಲ್ಲೇ ಹಾಕಬೇಕು. ಒಂದು ಮೀಟರ್ ಎತ್ತರದ ತುಂಡಿನಲ್ಲಿ ಗಾಳಿಗುಳಿ ಬಾರದಿದ್ದದ್ದು ಮೂರು ಮೀಟರ್ ಗೋಡೆಗೆ ಸಾಕ್ಷಿಯಾಗದು. ಒಪ್ಪಿಗೆಯಾದ ಮಾದರಿಯನ್ನು ಕೆಲಸ ಮುಗಿಯುವವರೆಗೆ ಕೆಡವಕೂಡದು. ಹೊಸ ಪ್ಲೈವುಡ್ ನೀರನ್ನು ಹೀರಿಕೊಂಡು ಕಾಂಕ್ರೀಟನ್ನು ಕಪ್ಪಗೆ ಮಾಡುತ್ತದೆ. ಅದರ ಪಕ್ಕದಲ್ಲೇ ಹಳೆಯ ಶೀಟು ಕಟ್ಟಿದರೆ ಗೋಡೆ ಚದುರಂಗದ ಮಣೆಯಂತೆ ಕಾಣುತ್ತದೆ. ಏರುಪೇರು ಮಿತಿಯೊಳಗಿದ್ದೂ ಗೋಡೆ ತಿರಸ್ಕೃತವಾಗುವುದು ಇಂಥಲ್ಲಿ.

ನೀರಿನ ಟ್ಯಾಂಕಿನ ಗೋಡೆಯಾದರೆ ಟೈ ರಾಡಿನ ಸಾಲನ್ನು ಎರಡು ಸಲ ಓದಿ. ಆರಪಾರ ಪೈಪಿನೊಳಗೆ ಹಾಯಿಸಿ ಆಮೇಲೆ ಎಳೆದುಕೊಳ್ಳುವ ಟೈಗಳನ್ನು ಅಲ್ಲಿ ನಿಷೇಧಿಸುವುದು ಸಾಮಾನ್ಯ, ನಡುವೆ ನೀರುತಡೆ ಇರುವ, ಒಳಗೇ ಬಿಡುವ ಟೈ ಬೇಕು. ಪ್ರತಿ ಗೋಡೆಗೆ ನೂರಾರು ಟೈ ಹೋಗುವಾಗ ಇದು ಸಣ್ಣ ಖರ್ಚಲ್ಲ.

ಗೋಡೆಯ ಒತ್ತಡ: ಒಂದು ಸಾಲಿನ ಬದಲಾವಣೆ, ಎರಡು ಪಟ್ಟು ಹೊರೆ

ಸೆಂಟ್ರಿಂಗ್ ವಿನ್ಯಾಸ ಗುತ್ತಿಗೆದಾರರದೇ ಆದರೂ ಅದರ ಹೊರೆ ಗೊತ್ತಾಗುವುದು ಮಾಲೀಕರ ಸ್ಪೆಸಿಫಿಕೇಶನ್ನಿನಿಂದ. ಅದೇ ಸಂಸ್ಥೆಯ ಸೆಂಟ್ರಿಂಗ್ ಮಾರ್ಗದರ್ಶಿ ಎಸಿಐ 347ರ ಗೋಡೆ ಸೂತ್ರವನ್ನೇ ನೋಡಿ: ಗಂಟೆಗೆ ಕಾಂಕ್ರೀಟ್ ಏರುವ ಮೀಟರನ್ನು 785ರಿಂದ ಗುಣಿಸಿ, ಕಾಂಕ್ರೀಟಿನ ತಾಪಮಾನಕ್ಕೆ 17.8 ಕೂಡಿಸಿದ ಸಂಖ್ಯೆಯಿಂದ ಭಾಗಿಸಿ, 7.2 ಸೇರಿಸಿದರೆ ಒತ್ತಡ ಕಿಲೋಪ್ಯಾಸ್ಕಲ್‌ನಲ್ಲಿ ಬರುತ್ತದೆ. 4 ಮೀಟರ್ ಗೋಡೆ, ಗಂಟೆಗೆ 2 ಮೀಟರ್, 25 ಡಿಗ್ರಿ ಸೆಲ್ಸಿಯಸ್ ಎಂದರೆ ಸುಮಾರು 44 ಕಿಲೋಪ್ಯಾಸ್ಕಲ್. ಅದೇ ಗೋಡೆಯನ್ನು 10 ಡಿಗ್ರಿಯಲ್ಲಿ ತುಂಬಿದರೆ ಸುಮಾರು 64. ಹಾರುಬೂದಿ ಬೆರೆತ ಸಿಮೆಂಟಿನ ಜೊತೆಗೆ ಗಟ್ಟಿಯಾಗುವುದನ್ನು ತಡಮಾಡುವ ರಿಟಾರ್ಡರ್ ಹಾಕಿದರೆ 1.4ರಿಂದ ಗುಣಿಸಬೇಕು. ಈ ಸೂತ್ರ 175 ಮಿ.ಮೀ.ಗಿಂತ ಹೆಚ್ಚಿಲ್ಲದ ಸ್ಲಂಪಿಗೆ (ಹಸಿ ಕಾಂಕ್ರೀಟ್ ಎಷ್ಟು ತೆಳು ಎಂಬ ಅಳತೆ), 1.2 ಮೀಟರಿಗಿಂತ ಆಳಕ್ಕೆ ಹೋಗದ ವೈಬ್ರೇಟರಿಗೆ ಮಾತ್ರ. ಕಂಬಿ ದಟ್ಟವಾಗಿದೆ ಎಂದು ನಡುವೆ, ವೈಬ್ರೇಟರ್ ಇಲ್ಲದೆ ತಾನೇ ಹರಿದು ತುಂಬಿಕೊಳ್ಳುವ ಸೆಲ್ಫ್ ಕಾಂಪ್ಯಾಕ್ಟಿಂಗ್ ಕಾಂಕ್ರೀಟಿಗೆ ಬದಲಾಯಿಸಿದರೆ ಅದನ್ನು ದ್ರವವೆಂದೇ ಎಣಿಸಬೇಕು: ಘನ ಮೀಟರಿಗೆ 24 ಕಿಲೋನ್ಯೂಟನ್, 4 ಮೀಟರಿಗೆ 96 ಕಿಲೋಪ್ಯಾಸ್ಕಲ್. 0.9 ಮೀಟರ್ ಚೌಕದಲ್ಲಿ ಒಂದರಂತೆ ಇಟ್ಟ ಟೈ ಮೇಲೆ 36 ಕಿಲೋನ್ಯೂಟನ್ ಬೀಳುತ್ತಿದ್ದಲ್ಲಿ 78 ಬೀಳುತ್ತದೆ.

ಆದ್ದರಿಂದ ‘ಗೋಡೆಯನ್ನು ಒಂದೇ ಲಿಫ್ಟಿನಲ್ಲಿ (ಒಂದೇ ಹಂತದಲ್ಲಿ), ಅಡ್ಡ ಜಾಯಿಂಟ್ ಇಲ್ಲದೆ ತುಂಬತಕ್ಕದ್ದು’ ಎಂಬುದು ಕಾಂಕ್ರೀಟಿನ ಪುಟದಲ್ಲಿದ್ದರೂ ನಿಜದಲ್ಲಿ ಸೆಂಟ್ರಿಂಗ್ ಷರತ್ತು. ಮಿಶ್ರಣದ ಬದಲಾವಣೆಗೆ ಆದೇಶ ಬಂದಾಗ ಕಾಂಕ್ರೀಟಿನ ದರ ವ್ಯತ್ಯಾಸವನ್ನಷ್ಟೇ ಕೇಳಿ ಸುಮ್ಮನಾಗುವುದು ಪದೇಪದೇ ಆಗುವ ಎಡವಟ್ಟು. ಟೈ ಹತ್ತಿರ ತರುವ, ವಾಲರ್ (ಶೀಟಿನ ಹಿಂದಿನ ಅಡ್ಡತೊಲೆ) ದಪ್ಪಗೆ ಮಾಡುವ, ಲೆಕ್ಕವನ್ನು ಮತ್ತೆ ಸಲ್ಲಿಸುವ ಖರ್ಚನ್ನೂ ಆಗಲೇ ಬರಹದಲ್ಲಿ ತಿಳಿಸಬೇಕು.

ಸೆಂಟ್ರಿಂಗ್ ಲೆಕ್ಕ ಮತ್ತು ನಕ್ಷೆ ಸಲ್ಲಿಸಲು ಗುತ್ತಿಗೆ ಹೇಳಿದ್ದರೆ ಪರಿಶೀಲನೆಗೆ ಎಷ್ಟು ದಿನ ಎಂದು ನೋಡಿ ವೇಳಾಪಟ್ಟಿಗೆ ಸೇರಿಸಿ. ಕಾಂಕ್ರೀಟ್ ಹಾಕುವ ಮುನ್ನ ಇಂಜಿನಿಯರಿಗೆ ನೋಟಿಸ್ ಕೊಡಬೇಕಾದ ಗಡುವನ್ನೂ ಗುರುತಿಸಿಕೊಳ್ಳಿ. ಫಿಡಿಕ್ 7.3ರಂತೆ ನೋಟಿಸ್ ಕೊಡದೆ ಮುಚ್ಚಿದ ಕೆಲಸವನ್ನು ಅವರು ಕೇಳಿದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ತೆರೆದು ತೋರಿಸಬೇಕು.

ಬಿಚ್ಚುವ ಕಾಲ

ಅತಿ ಹೆಚ್ಚು ತಪ್ಪು ಓದಾಗುವುದು ಇಲ್ಲಿ. ಐಎಸ್ 456:2000ರ ಪಟ್ಟಿ ಎಲ್ಲರಿಗೂ ಬಾಯಿಪಾಠ: ಕಾಲಮ್ಮು, ಗೋಡೆ, ಬೀಮಿನ ಬದಿಗಳಿಗೆ 16ರಿಂದ 24 ಗಂಟೆ, ಸ್ಲ್ಯಾಬಿನ ತಳಕ್ಕೆ 3 ದಿನ, ಬೀಮಿನ ತಳಕ್ಕೆ 7 ದಿನ, ಸ್ಲ್ಯಾಬಿನ ಪ್ರಾಪ್ಸಿಗೆ 4.5 ಮೀಟರ್ ಸ್ಪ್ಯಾನ್‌ವರೆಗೆ 7 ದಿನ, ಮೀರಿದರೆ 14. ಬೀಮಿನ ಪ್ರಾಪ್ಸಿಗೆ 6 ಮೀಟರ್‌ವರೆಗೆ 14, ಮೀರಿದರೆ 21. ಪಟ್ಟಿಯ ಸುತ್ತ ಇರುವ ಷರತ್ತುಗಳು ಮಾತ್ರ ಬಾಯಿಪಾಠವಾಗಿರುವುದಿಲ್ಲ. ಈ ದಿನಗಳು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಸರಿಯಾದ ಕ್ಯೂರಿಂಗ್ ಇದ್ದಾಗ, ಹೊರಗಿನ ತಾಪಮಾನ 15 ಡಿಗ್ರಿಗಿಂತ ಇಳಿಯದಿದ್ದಾಗ. ಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟ್ ನಿಧಾನವಾಗಿ ಬಲ ಪಡೆಯುವುದರಿಂದ ದಿನಗಳನ್ನು ಹೊಂದಿಸಿಕೊಳ್ಳಬೇಕು. ಎಲ್ಲಕ್ಕಿಂತ ಮೇಲೆ ಫಲದ ಷರತ್ತೊಂದಿದೆ: ಬಿಚ್ಚುವಾಗ ಕಾಂಕ್ರೀಟಿನ ಮೇಲೆ ಬೀಳುವ ಒತ್ತಡದ ಕನಿಷ್ಠ ಎರಡು ಪಟ್ಟು ಬಲ ಬಂದಿರಬೇಕು. ದಿನ ತುಂಬಿತು, ಬಲ ಬಂದಿಲ್ಲ ಎಂದರೆ ಬಿಚ್ಚುವಂತಿಲ್ಲ.

ಬಲವನ್ನು ತಿಳಿಯುವುದು ಯಾವ ಕ್ಯೂಬಿನಿಂದ (ಪರೀಕ್ಷೆಗೆಂದು ಅದೇ ಕಾಂಕ್ರೀಟಿನಲ್ಲಿ ಎರೆದ ಘನತುಂಡು)? ಪ್ರಯೋಗಾಲಯದ ತೊಟ್ಟಿಯಲ್ಲಿ ಮುಳುಗಿದ್ದ ಕ್ಯೂಬು ಮಿಶ್ರಣದ ಗುಣವನ್ನು ಹೇಳುತ್ತದೆ, ಸ್ಲ್ಯಾಬಿನ ಇಂದಿನ ಬಲವನ್ನು ಹೇಳುವುದಿಲ್ಲ. ಬಿಚ್ಚುವ ತೀರ್ಮಾನಕ್ಕೆ ಸ್ಲ್ಯಾಬಿನ ಪಕ್ಕದಲ್ಲೇ ಅದೇ ಬಿಸಿಲು, ಅದೇ ಚಳಿಯಲ್ಲಿಟ್ಟ ಕ್ಯೂಬು ಬೇಕು. ಗುತ್ತಿಗೆ ಇದನ್ನು ಹೇಳದಿದ್ದರೆ ಟೆಂಡರ್ ಪ್ರಶ್ನೆಯಲ್ಲೇ ಕೇಳಿ, ಹೆಚ್ಚುವರಿ ಕ್ಯೂಬುಗಳ ಖರ್ಚು ಯಾರದೆಂದೂ ಕೇಳಿ.

ಸ್ಲ್ಯಾಬಿನ ತಳಕ್ಕೆ 3 ದಿನ ಎಂಬ ಸಾಲಿನ ಜೊತೆಗೆ ‘ಬಿಚ್ಚಿದ ಕೂಡಲೇ ಪ್ರಾಪ್ಸನ್ನು ಮತ್ತೆ ಕೊಡತಕ್ಕದ್ದು’, ಅಂದರೆ ಮತ್ತೆ ಊರಿ ನಿಲ್ಲಿಸತಕ್ಕದ್ದು, ಎಂದಿದೆ. ಕೆಲವು ಗುತ್ತಿಗೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಪ್ರಾಪ್ಸನ್ನು ಅಲುಗಿಸದೆ ಶೀಟು ತೆಗೆಯತಕ್ಕದ್ದು’ ಎನ್ನುತ್ತವೆ. ಈ ಎರಡು ಸಾಲುಗಳ ನಡುವೆ ಸಾಮಗ್ರಿಯೇ ಬೇರೆಯಾಗುತ್ತದೆ. ಮೊದಲನೆಯದಕ್ಕೆ ಮಾಮೂಲಿ ಜಾಕಿ, ಶೀಟು ಸಾಕು. ಒಂದೊಂದು ಅಂಕಣವಾಗಿ ಬಿಚ್ಚಿ ಕೊಡುತ್ತ ಹೋಗಬೇಕು, ಇಡೀ ಸ್ಲ್ಯಾಬನ್ನು ಒಮ್ಮೆಗೇ ಬರಿದು ಮಾಡಕೂಡದು. ಎರಡನೆಯದಕ್ಕೆ ತಲೆ ಮಾತ್ರ ಕೆಳಗಿಳಿಯುವ ಡ್ರಾಪ್ ಹೆಡ್ ವ್ಯವಸ್ಥೆ ಬೇಕು, ಇಲ್ಲವೇ ಮೊದಲೇ ಬೇರೆಯಾಗಿ ಕಟ್ಟಿದ ಪಟ್ಟಿಗಳನ್ನು ಪ್ರಾಪ್ಸಿನೊಡನೆ ಉಳಿಸಬೇಕು. ಮತ್ತೆ ಕೊಡುವಾಗ ಜಾಕಿಯನ್ನು ಬಿಗಿದು ಸ್ಲ್ಯಾಬನ್ನು ಮೇಲಕ್ಕೆತ್ತಬಾರದು, ತಾಗುವಷ್ಟೇ ಸಾಕು. ಎತ್ತಿದರೆ ಮೇಲ್ಮುಖದಲ್ಲಿ, ಕಂಬಿ ಇಲ್ಲದ ಕಡೆ ಬಿರುಕು ಬಿಡುತ್ತದೆ. ಕ್ಯಾಂಟಿಲಿವರ್ ಆದರೆ ತುದಿಯಿಂದ ಬುಡದ ಕಡೆಗೆ ಬಿಚ್ಚಬೇಕು.

ಎಳೆಯ ಕಾಂಕ್ರೀಟಿನ ಮೇಲೆ ಅವಸರದ ಭರವಸೆಯಿಟ್ಟದ್ದರ ಫಲ ದಾಖಲೆಯಲ್ಲಿದೆ. 1973ರ ಮಾರ್ಚ್ 2ರಂದು ಅಮೆರಿಕದ ವರ್ಜೀನಿಯಾದಲ್ಲಿ ಸ್ಕೈಲೈನ್ ಪ್ಲಾಜಾ ಕಟ್ಟಡ ನಿರ್ಮಾಣದಲ್ಲಿದ್ದಾಗ ಮೇಲ್ಮಹಡಿಯೊಂದರ ಪ್ರಾಪ್ಸನ್ನು ಬೇಗ ತೆಗೆದದ್ದರಿಂದ ಕುಸಿದು 14 ಜನ ಸತ್ತರು. 1978ರ ಏಪ್ರಿಲ್ 27ರಂದು ವೆಸ್ಟ್ ವರ್ಜೀನಿಯಾದ ವಿಲೋ ಐಲ್ಯಾಂಡಿನಲ್ಲಿ ಕೂಲಿಂಗ್ ಟವರಿನ ಸೆಂಟ್ರಿಂಗ್ ಮತ್ತು ಅಟ್ಟಣಿಗೆ ಹಿಂದಿನ ದಿನವಷ್ಟೇ ಹಾಕಿದ್ದ ಕಾಂಕ್ರೀಟಿಗೆ ಜೋತುಬಿದ್ದಿತ್ತು. ಅದು ಕಿತ್ತು ಬಂದು 51 ಜನ ಸತ್ತರು.

ಬಹುಮಹಡಿಯಲ್ಲಿ ಪ್ರಶ್ನೆ ಮುಗಿಯುವುದು ಒಂದು ಸ್ಲ್ಯಾಬಿನ ಬಲದಲ್ಲಲ್ಲ. 150 ಮಿ.ಮೀ. ಹಸಿ ಸ್ಲ್ಯಾಬಿನ ಭಾರ ಚದರ ಮೀಟರಿಗೆ 3.75 ಕಿಲೋನ್ಯೂಟನ್, ಸೆಂಟ್ರಿಂಗ್ ಸುಮಾರು 0.5, ಆಳು ಮತ್ತು ಸಲಕರಣೆಗೆ ಎಸಿಐ 347ರ ಕನಿಷ್ಠ 2.4. ಒಟ್ಟು 6.65. ಕೆಳಗಿನ ಸ್ಲ್ಯಾಬಿನ ವಿನ್ಯಾಸದಲ್ಲಿ ಫಿನಿಶಿಂಗಿಗೆ 1.5, ಬಳಕೆಯ ಭಾರಕ್ಕೆ 2 ಹಿಡಿದಿದ್ದರೆ ಅದು ತನ್ನ ಭಾರದ ಮೇಲೆ ಹೊರಬಲ್ಲದ್ದು 3.5, ಅದೂ ಪೂರ್ತಿ ಬಲ ಬಂದ ಮೇಲೆ. ಬರುವ ಹೊರೆ ಹೆಚ್ಚುಕಡಿಮೆ ಎರಡು ಪಟ್ಟು. ಅದನ್ನು ಕನಿಷ್ಠ ಎರಡು ಮಹಡಿಗಳಿಗೆ ಹಂಚಬೇಕು, ಅಂದರೆ ಮೇಲಿನ ಸೆಟ್ಟಿನ ಜೊತೆಗೆ ಕೆಳಗೂ ಪ್ರಾಪ್ಸ್ ನಿಂತಿರಬೇಕು. ‘7 ದಿನಕ್ಕೆ ಪ್ರಾಪ್ಸ್ ತೆಗೆಯಬಹುದು’ ಎಂಬ ಸಾಲು ಸ್ಲ್ಯಾಬ್ ತನ್ನ ಭಾರವನ್ನು ತಾನು ಹೊರುವುದಕ್ಕೆ ಬರೆದದ್ದು, ಮೇಲೆ ಇನ್ನೊಂದು ಸ್ಲ್ಯಾಬ್ ಬರುವಾಗಿನದಲ್ಲ. ವಾರಕ್ಕೊಂದು ಮಹಡಿ ಎಂಬ ವೇಳಾಪಟ್ಟಿ ಒಪ್ಪಿಕೊಂಡು ಒಂದೇ ಸೆಟ್ ಪ್ರಾಪ್ಸಿಗೆ ದರ ಹಾಕಿದ್ದರೆ ಆ ಎರಡು ಕಾಗದಗಳು ಒಂದಕ್ಕೊಂದು ಹೊಂದುವುದಿಲ್ಲ. ಸ್ಪೆಸಿಫಿಕೇಶನ್ ಎಷ್ಟು ಮಹಡಿ ಪ್ರಾಪ್ಸ್ ಇರಬೇಕೆಂದು ಸಂಖ್ಯೆಯಲ್ಲಿ ಹೇಳಿದ್ದರೆ ದರ ಸುಲಭ. ‘ಅಗತ್ಯವಿದ್ದಷ್ಟು’ ಎಂದಷ್ಟೇ ಇದ್ದರೆ ಕೆಳಗಿನ ಸ್ಲ್ಯಾಬಿನ ವಿನ್ಯಾಸ ಭಾರವನ್ನು ಟೆಂಡರ್ ಪ್ರಶ್ನೆಯಲ್ಲಿ ಬರಹದಲ್ಲೇ ಕೇಳಿ ಪಡೆಯಬೇಕು. ಆ ಸಂಖ್ಯೆ ರಚನಾ ವಿನ್ಯಾಸಕಾರರ ಬಳಿ ಇರುತ್ತದೆ, ಗುತ್ತಿಗೆದಾರರ ಬಳಿ ಇರುವುದಿಲ್ಲ.